ಅಕ್ಕನ ಪಾಲು

ಕಳೆದ ವರ್ಷ ಪಂಚಮಿಗೆ ಅಂತ ಎರಡು ದಿನ ರಜೆ ಹಾಕಿದಾಗ ನಮ್ಮ ಮ್ಯಾನೇಜರ್ ನಗುತ್ತ ಕೇಳಿದರು: “ಅದಕ್ಕೆಲ್ಲ ಊರಿಗೆ ಹೋಗ್ತಾರೇನ್ರೀ? ಹಾವಿಗೆ ಹಾಲೆರೆಯೋ ಹಬ್ಬ ಅಲ್ವಾ ಅದು?” ಅವರು ಮಂಡ್ಯ ಕಡೆಯವರು, ಅವರ ತಪ್ಪಿಲ್ಲ. ಬೆಂಗಳೂರಿನಲ್ಲಿ ಪಂಚಮಿ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ನಮ್ಮ ಆಫೀಸಿನ ರಜೆಪಟ್ಟಿಯಲ್ಲಂತೂ ಅದು ಎಂದೂ ಕಂಡಿಲ್ಲ. ನಾನೂ ನಕ್ಕು, “ಹೌದು ಸರ್, ಅದೇ ಹಬ್ಬ” ಅಂದು ಬುಧವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರನ್ನು ತವರಿನವರು ಹೋಗಿ ಕರೆದು ತರಬೇಕು. ಫೋನ್ ಮಾಡಿ “ಬಂದುಬಿಡು” ಅಂದರೆ ಅದು ಕರೆದ ಹಾಗಾಗುವುದಿಲ್ಲ. ಅಣ್ಣನೋ ತಮ್ಮನೋ ಖುದ್ದು ಹೋಗಿ, ಅವರ ಮನೆಯ ಕಟ್ಟೆ ಮೇಲೆ ಕೂತು, ಚಹಾ ಕುಡಿದು, ಅತ್ತೆ ಮಾವನ ಒಪ್ಪಿಗೆ ಕೇಳಿ ಕರೆತರಬೇಕು. ಬಂದವರಿಗೆ ಸೀರೆ, ಕುಬುಸ. ಹಬ್ಬಕ್ಕೆ ಮೊದಲು ರೊಟ್ಟಿ ಪಂಚಮಿ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ ಮನೆಯಿಂದ ಮನೆಗೆ ಓಡಾಡುತ್ತವೆ. ಆಮೇಲೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಗುಳ್ಳಡಕಿ ಉಂಡಿ. ಡಬ್ಬಿ ಸಾಲದೆ ಕೊಡದಲ್ಲೂ ತುಂಬಿಡುತ್ತಿದ್ದರು. ಬೇವಿನ ಮರಕ್ಕೆ ಜೋಕಾಲಿ. ಹುಡುಗರ ಕೈಗೆ ದಾರ ಪೋಣಿಸಿದ ಕೊಬ್ಬರಿ ಬಟ್ಟಲು, ಗಿರ್ರನೆ ತಿರುಗಿಸಿ ಆಡಲಿಕ್ಕೆ; ಸಂಜೆಗೆ ಆ ಆಟದ ಸಾಮಾನನ್ನೇ ತಿಂದು ಮುಗಿಸುತ್ತಿದ್ದೆವು.

ಇಷ್ಟರ ನಡುವೆ ಹಾಲೆರೆಯುವುದು. ಒಂದು ದಿನ ಹುತ್ತಕ್ಕೆ, ಇನ್ನೊಂದು ದಿನ ಮನೆಯೊಳಗಿನ ಮಣ್ಣಿನ ನಾಗಪ್ಪನಿಗೆ. ಸುಮ್ಮನೆ ಸುರಿಯುವಂತಿಲ್ಲ. ಪ್ರತಿ ಸಲ ಹಾಲು ಬಿಡುವಾಗಲೂ ಮನೆಯವರ ಒಬ್ಬೊಬ್ಬರ ಹೆಸರು ಹಿಡಿಯಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಕ್ಕನ ಪಾಲು, ಹೀಗೆ. ಯಾರನ್ನೂ ಬಿಡುವಂತಿಲ್ಲ. ಮಿಲಿಟರಿಯಲ್ಲಿದ್ದವರ ಹೆಸರು, ಪುಣೆಗೆ ಕೆಲಸಕ್ಕೆ ಹೋದವರ ಹೆಸರು, ತೊಟ್ಟಿಲ ಕೂಸಿನ ಹೆಸರು ಎಲ್ಲವೂ ಬರಬೇಕು. ನಮ್ಮ ಆಯಿಗೆ ಈ ಪಟ್ಟಿ ಬಾಯಿಪಾಠ. ನಾನು ಹುಡುಗನಾಗಿದ್ದಾಗ ನನ್ನ ಹೆಸರು ಬರುವವರೆಗೆ ಕಾಯುವುದೇ ಒಂದು ಸಂಭ್ರಮ.

ದೊಡ್ಡವರಾದ ಮೇಲೆ ಹಬ್ಬ ಸಪ್ಪೆಯಾಯಿತು ಅಂತ ನಮ್ಮ ವಯಸ್ಸಿನವರೆಲ್ಲ ಹೇಳುತ್ತಾರೆ. ಕೆಲಸ, ಟ್ರಾಫಿಕ್, ಮೊಬೈಲು, ಅಜ್ಜ ಅಜ್ಜಿ ಇಲ್ಲದ ಮನೆ. ಕಾರಣಗಳಿಗೇನು ಬರವಿಲ್ಲ. ನನಗಾದದ್ದು ಸ್ವಲ್ಪ ಬೇರೆ. ನನಗೆ ಹಬ್ಬ ಸಪ್ಪೆಯಾಗಲಿಲ್ಲ. ಅದರಲ್ಲಿ ದಿನಾ ಬಳಸುತ್ತಿದ್ದ ಒಂದು ಶಬ್ದದ ಅರ್ಥ ತಡವಾಗಿ ಗೊತ್ತಾಯಿತು.

ನನಗೆ ಒಂಬತ್ತು ವರ್ಷವಿದ್ದಾಗಿನ ಪಂಚಮಿ, 1997ರದ್ದು, ನನ್ನ ತಲೆಯಲ್ಲಿ ಹಬ್ಬ ಅಂದರೆ ಹೀಗಿರಬೇಕು ಅಂತ ಕೂತುಬಿಟ್ಟಿತ್ತು. ಅಪ್ಪನ ಜೊತೆ ನಾನೂ ಅತ್ತಿಯನ್ನು ಕರೆಯಲು ಮೂಡಲಗಿಗೆ ಹೋಗಿದ್ದೆ. ಆಗ ಮೂಡಲಗಿ ಇನ್ನೂ ಗೋಕಾಕ ತಾಲ್ಲೂಕಿನೊಳಗೇ ಇತ್ತು; ಈಗ ಬೇರೆ ತಾಲ್ಲೂಕು. (ಅಣ್ಣತಮ್ಮಂದಿರಿಗಿಂತ ತಾಲ್ಲೂಕುಗಳೇ ಚೆಂದ ಬೇರೆಯಾಗುತ್ತವೆ ಅನ್ನಿ.) ಅತ್ತಿಯ ಮನೆಯಲ್ಲಿ ನಾಲ್ಕು ಎಮ್ಮೆ, ಗಟ್ಟಿ ಮೊಸರು, ಮಾವನ ಜೋರು ನಗು. ಅಜ್ಜ ತೀರಿಕೊಂಡು ವರ್ಷವಾಗಿತ್ತು. ಆ ಸಲ ಅತ್ತಿಗೆ ತಂದದ್ದು ಎಂದಿನ ಸೀರೆಯಲ್ಲ, ರೇಷ್ಮೆ ಸೆರಗಿನ ಇಳಕಲ್ ಸೀರೆ. ಅವಳು ಎಂದಿಗಿಂತ ಹೆಚ್ಚು ದಿನ ಉಳಿದಳು. ನನ್ನನ್ನು ಜೋಕಾಲಿಯಲ್ಲಿ ಬೇವಿನ ಎಲೆ ಕಾಲಿಗೆ ತಾಗುವಷ್ಟು ಮೇಲೆ ತೂಗಿದಳು.

ಹಬ್ಬ ಮುಗಿದ ಮೇಲೆ ಒಂದು ದಿನ ಎಲ್ಲರೂ ಟೆಂಪೋ ಮಾಡಿಕೊಂಡು ಗೋಕಾಕಕ್ಕೆ ಹೋದೆವು. ಅಪ್ಪ, ಕಾಕಾ, ಆಯಿ, ಅತ್ತಿ, ಅಕ್ಕ, ನಾನು. ಫಾಲ್ಸ್ ತುಂಬಿ ಬೀಳುತ್ತಿತ್ತು. ಘಟಪ್ರಭಾ ಅಲ್ಲಿ 52 ಮೀಟರ್ ಕೆಳಗೆ ಧುಮುಕುತ್ತದೆ, ಮಳೆಗಾಲದಲ್ಲಿ ನೀರು ಕೆಂಪು. ತೂಗುಸೇತುವೆ ಮೇಲೆ ಆಯಿ ಹೆದರಿ ಅತ್ತಿಯ ಕೈ ಬಿಟ್ಟಿರಲಿಲ್ಲ. ಆಮೇಲೆ ಊರೊಳಗೆ ಒಂದು ಕಚೇರಿಯ ಮುಂದೆ ಬೆಂಚಿನ ಮೇಲೆ ನನ್ನನ್ನೂ ಅಕ್ಕನನ್ನೂ ಕೂರಿಸಿ ಕೈಗೆ ಕರದಂಟಿನ ಪೊಟ್ಟಣ ಕೊಟ್ಟು ದೊಡ್ಡವರು ಒಳಗೆ ಹೋದರು. ಬಂದಾಗ ಅತ್ತಿಯ ಹೆಬ್ಬೆರಳಿಗೆ ನೀಲಿ ಶಾಯಿ ಹತ್ತಿತ್ತು. ಅದನ್ನು ಅವಳು ತಲೆಗೂದಲಿಗೆ ಒರೆಸಿಕೊಂಡಳು. ನನಗೆ ಅದು ಭಾರೀ ತಮಾಷೆ ಅನಿಸಿ ನಕ್ಕದ್ದು ನೆನಪಿದೆ. ಅವಳೂ ನಕ್ಕಳು.

ಮುಂದೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ನನಗೆ ಬುದ್ಧಿ ಬಂತು, ಅಂದರೆ ಬಂದಿದೆ ಅಂದುಕೊಂಡೆ. ಹಾವು ಹಾಲು ಕುಡಿಯುವುದಿಲ್ಲ, ಅದು ಸಸ್ತನಿಯಲ್ಲ, ಅದರ ಹೊಟ್ಟೆಗೆ ಹಾಲು ಒಗ್ಗುವುದಿಲ್ಲ ಅಂತ ಅಡುಗೆಮನೆಯಲ್ಲಿ ನಿಂತು ಅವ್ವನಿಗೆ ಭಾಷಣ ಮಾಡಿದ್ದೆ. ಎರಡು ರಾತ್ರಿ ನಿದ್ದೆಗೆಟ್ಟು ಉಂಡಿ ಕಟ್ಟಿದ ಅವ್ವ, “ನಿನಗ ಒಗ್ಗತೈತಿಲ್ಲೊ, ನೀ ಕುಡಿ” ಅಂದು ಲೋಟ ಮುಂದಿಟ್ಟಳು. ನಮ್ಮ ಭಾಗದಲ್ಲಿ ಇದೇ ವಿಚಾರವನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ಮಾನವ ಬಂಧುತ್ವ ವೇದಿಕೆಯವರು ಪಂಚಮಿಯ ಹೊತ್ತಿಗೆ ಬಸವ ಪಂಚಮಿ ಅಂತ ಮಾಡಿ ಮಕ್ಕಳಿಗೆ ಹಾಲು ಕುಡಿಸುತ್ತಾರೆ. ಒಳ್ಳೆಯದೇ. ಆದರೆ ನಾನು ಅಷ್ಟು ವರ್ಷ ಪಂಚಮಿಯ ಬಗ್ಗೆ ಕೇಳಬೇಕಾದ ಒಂದೇ ಪ್ರಶ್ನೆ ಹಾಲು ಯಾರ ಹೊಟ್ಟೆಗೆ ಹೋಗುತ್ತದೆ ಅನ್ನುವುದು ಅಂದುಕೊಂಡಿದ್ದೆ. ಹಾಲು ಬಿಡುವಾಗ ಬಾಯಲ್ಲಿ ಬರುವ ಶಬ್ದವನ್ನು ಕಿವಿಗೆ ಹಾಕಿಕೊಂಡೇ ಇರಲಿಲ್ಲ.

2022ರಲ್ಲಿ ಅಪ್ಪ ತೀರಿಕೊಂಡರು. ವಾರಸಾ ಮಾಡಿಸಬೇಕಲ್ಲ, ಕಾಗದಪತ್ರ ಹುಡುಕಲು ಅಪ್ಪನ ಟ್ರಂಕು ತೆಗೆದೆ. ಹಳೇ ಉತಾರ, ಸೊಸಾಯಿಟಿ ಸಾಲದ ಪಾಸ್‌ಬುಕ್ಕು, ಕಬ್ಬಿನ ಬಿಲ್ಲು. ಅವುಗಳ ಕೆಳಗೆ ಒಂದು ಹಕ್ಕುಸೋಡ ಪತ್ರ. ತಂದೆಯ ಆಸ್ತಿಯಲ್ಲಿ ತನಗಿರುವ ಹಕ್ಕನ್ನು ಸ್ವಸಂತೋಷದಿಂದ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಅತ್ತಿಯ ಹೆಬ್ಬೆಟ್ಟು. ತಾರೀಖು 11-8-1997. ಪಂಚಮಿ ಆಗಿ ಇನ್ನೂ ವಾರ ಕಳೆದಿರಲಿಲ್ಲ.

ಕಾಗದ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಇಳಕಲ್ ಸೀರೆ, ಟೆಂಪೋ, ಫಾಲ್ಸ್, ಕರದಂಟು, ನೀಲಿ ಹೆಬ್ಬೆರಳು ಎಲ್ಲ ಒಂದೊಂದಾಗಿ ಬೇರೆ ಜಾಗಕ್ಕೆ ಹೋಗಿ ಕೂತವು.

ಕಾಯ್ದೆಯ ಮಾತು ಸ್ವಲ್ಪ ಹೇಳಿಬಿಡುತ್ತೇನೆ. 1997ರಲ್ಲಿ ಕಾಯ್ದೆ ಅತ್ತಿಗೆ ಕೊಟ್ಟದ್ದೇ ಕಡಿಮೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅನ್ನುವ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಅತ್ತಿಯ ಮದುವೆ 1986ರಲ್ಲಿ. ಅವಳಿಗೆ ಉಳಿದದ್ದು 1956ರ ಕಾಯ್ದೆಯಂತೆ ಅಜ್ಜನ ಪಾಲಿನೊಳಗಿನ ಒಂದು ಚೂರು. ಆ ಚೂರನ್ನೂ ಬರೆಸಿಕೊಂಡಿದ್ದರು. ಅಕ್ಕನ ಕಥೆ ಹಾಗಲ್ಲ. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕುದಾರಳು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅಪ್ಪನ ಹೆಸರಿನ 4 ಎಕರೆ 12 ಗುಂಟೆಯಲ್ಲಿ ನನಗೆಷ್ಟೋ ಅಕ್ಕನಿಗೂ ಅಷ್ಟೇ.

ಕಾಕಾ ಊರಿನ ರೀತಿಯಲ್ಲೇ ಹೇಳಿದರು: “ಹ್ಯಾಂಗೂ ಪಂಚಮಿಗಿ ಬರ್ತಾಳಲ್ಲೊ ನಿಮ್ಮಕ್ಕ. ಆವಾಗ ಸಹಿ ಮಾಡಿಸಿಬಿಡು. ಒಂದ ಛಲೋ ಸೀರಿ ತಗೊ. ಆಕೀನೂ ಏನ್ ಬ್ಯಾಡ ಅನ್ನಂಗಿಲ್ಲ.”

ಕಾಕಾ ಕೆಟ್ಟ ಮನುಷ್ಯ ಅಲ್ಲ. ಅಪ್ಪನ ಆಸ್ಪತ್ರೆ ಖರ್ಚಿಗೆ ಕೇಳದೆ ದುಡ್ಡು ತಂದು ಕೊಟ್ಟವರು. ಅವರ ಲೆಕ್ಕದಲ್ಲಿ ಇದು ಮೋಸ ಅಲ್ಲವೇ ಅಲ್ಲ. ಹೆಣ್ಣುಮಗಳಿಗೆ ಮದುವೆ ಮಾಡಿಕೊಟ್ಟೆವು, ಬಂಗಾರ ಹಾಕಿದೆವು, ಬಾಣಂತನ ಮಾಡಿದೆವು, ಸಾಯುವ ತನಕ ಪಂಚಮಿಗೆ ಕರೆಯುತ್ತೇವೆ. ಇದಕ್ಕೆಲ್ಲ ಸೇರಿ ಒಂದು ಸಹಿ. ಫ್ರಾನ್ಸಿನ ಮಾರ್ಸೆಲ್ ಮೋಸ್ ಅನ್ನುವವನು 1925ರಲ್ಲಿ ಉಡುಗೊರೆಗಳ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದ. ಪುಕ್ಕಟೆ ಕೊಡುಗೆ ಅನ್ನುವುದಿಲ್ಲ, ಕೊಡುವುದೂ ಕಟ್ಟಳೆ, ತೆಗೆದುಕೊಳ್ಳುವುದೂ ಕಟ್ಟಳೆ, ತಿರುಗಿ ಕೊಡುವುದೂ ಕಟ್ಟಳೆ ಅಂತ ಅವನ ವಾದ. ನಮ್ಮ ಕಾಕಾ ಅವನನ್ನು ಓದದೆಯೇ ಅರೆದು ಕುಡಿದಿದ್ದರು. ಪಂಚಮಿಯ ದಿನ ನಾಗಪ್ಪನಿಗೆ ಮುಟ್ಟಿಸಿ ಕಟ್ಟಿಕೊಳ್ಳುವ ಅರಿಶಿನದ ದಾರಕ್ಕೆ ನಮ್ಮಲ್ಲಿ ಹಂಗನೂಲು ಅನ್ನುತ್ತಾರೆ. ಆ ಹೆಸರು ಎಲ್ಲಿಂದ ಬಂದರೂ ಸರಿ, ಆ ವರ್ಷ ನನ್ನ ಕಿವಿಗೆ ಅದರಲ್ಲಿ ಹಂಗು ಒಂದೇ ಕೇಳಿಸಿತು.

ಹಾಗಂತ ಕಾಕಾ ಹಾಗೆ ಅಂದ ಕೂಡಲೇ ನಾನು ಎದ್ದು ನಿಂತು “ಆಗಂಗಿಲ್ಲ” ಅಂದೆ ಅಂದುಕೊಳ್ಳಬೇಡಿ. ಬೆಂಗಳೂರಿನ ಫ್ಲ್ಯಾಟಿನ ಇಎಂಐ ನನ್ನ ತಲೆಯಲ್ಲೂ ಓಡಿತು. ನಮ್ಮದು ಹಿಡಕಲ್ ಕಾಲುವೆಯ ನೀರು ಬರುವ ಹೊಲ, ಕಬ್ಬಿನ ಹೊಲ. ಅಜ್ಜನ ಕಾಲದಲ್ಲಿ ಅದು ಜೋಳ ಬೆಳೆಯುವ ಒಣಭೂಮಿ. ಆಗ ಪಾಲು ಕೇಳಿದ್ದರೂ ಕೊಡಲಿಕ್ಕೆ ಹೆಚ್ಚೇನಿರಲಿಲ್ಲ. ಈಗಿನ ದರ ಬೇರೆ. ಅಕ್ಕನನ್ನು ಕೊಟ್ಟ ಮನೆಯವರು ಮೂಲದಲ್ಲಿ ಹಳೇ ಹುನ್ನೂರಿನವರು. ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಊರೇ ಮುಳುಗಿ ಹೋಗಿ ಹುಕ್ಕೇರಿಯಲ್ಲಿ ನೆಲೆ ನಿಂತವರು. ನೀರು ಇಳಿದ ವರ್ಷ ಅಲ್ಲಿ ವಿಠ್ಠಲನ ಗುಡಿ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ, ರೀಲ್ಸ್ ಮಾಡುತ್ತಾರೆ. ಅವರ ಹೊಲ ಮುಳುಗಿದ್ದರಿಂದ ನಮ್ಮ ಹೊಲಕ್ಕೆ ನೀರು ಬಂತು, ನೀರು ಬಂದದ್ದರಿಂದ ದರ ಬಂತು, ದರ ಬಂದದ್ದರಿಂದ ಅಕ್ಕನ ಸಹಿ ಬೇಕಾಯಿತು. ಇಷ್ಟೆಲ್ಲ ಗೊತ್ತಿದ್ದೂ ನಾನು ಎರಡು ತಿಂಗಳು ಕಾಕಾಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಅದರ ನಡುವೆ ಮೂಡಲಗಿಗೆ ಹೋಗಿ ಅತ್ತಿಯನ್ನು ಕಂಡು ಬಂದೆ. ಮಾವ ಈಗಿಲ್ಲ. ಎಮ್ಮೆ ಒಂದೇ ಉಳಿದಿದೆ. ಸುತ್ತಿಬಳಸದೆ ಕೇಳಿದೆ: “ಅತ್ತಿ, ಆ ಹೆಬ್ಬೆಟ್ಟ ಯಾಕ ಒತ್ತಿದಿ?”

ಅವಳು ನನ್ನನ್ನು ಒಂದು ಕ್ಷಣ ನೋಡಿ, “ಅದೇನ್ ಈಗ ನೆನಪಾತು ನಿನಗ?” ಅಂದಳು. ಆಮೇಲೆ ಹೇಳಿದಳು: “ಒತ್ತಲಿಲ್ಲಂದ್ರ ಮುಂದಿನ ವರ್ಷ ನಿಮ್ಮಪ್ಪ ಕರಿಯಾಕ ಬರ್ತಿದ್ದನೇನು? ನನಗ ಹೊಲಕಿಂತ ತವರಿಗೆ ಬರೂ ದಾರಿ ಬೇಕಾಗಿತ್ತು.”

ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ಸಂತೆಯಲ್ಲಿ ದರ ಕೇಳಿ ಕೊಂಡವರ ದನಿ ಅದು. ಆ ಇಳಕಲ್ ಸೀರೆ ಏನಾಯಿತು ಅಂದೆ. “ಉಟ್ಟು ಉಟ್ಟು ಹರೀತು, ಕೌದಿಗೆ ಹಾಕಿದ್ನಿ. ನೀ ಹೋದ ಸಲ ಬಂದಾಗ ಹೊಚ್ಚಿಕೊಂಡಿದ್ಯಲ್ಲ, ಅದ.”

ಅಪ್ಪ ಬದುಕಿದ್ದಷ್ಟು ವರ್ಷವೂ ಅತ್ತಿಯನ್ನು ಕರೆಯಲು ತಪ್ಪದೆ ಹೋಗುತ್ತಿದ್ದರು. ಮೊಣಕಾಲು ನೋವಿದ್ದರೂ ಬೇರೆಯವರನ್ನು ಕಳಿಸುತ್ತಿರಲಿಲ್ಲ. 2019ರಲ್ಲಿ ಪಂಚಮಿ ಆಗಸ್ಟ್ 5ಕ್ಕಿತ್ತು. ಮಳೆ ಹಿಡಿದದ್ದು ಬಿಟ್ಟಿರಲಿಲ್ಲ, ಅದೇ ವಾರ ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ನೀರಿನಡಿ ಹೋಯಿತು, ಗೋಕಾಕ ಪೇಟೆಯೊಳಗೇ ನೀರು ಹೊಕ್ಕಿತು. ಆ ಸಲ ಅತ್ತಿಯೂ ಬರಲಿಲ್ಲ, ಅಕ್ಕನೂ ಬರಲಿಲ್ಲ. ಅಪ್ಪ ತಾವೇ ಹಾಲಿನ ಬಟ್ಟಲು ಹಿಡಿದು, ತಂಗಿ ಪಾಲು, ಮಗಳ ಪಾಲು ಅಂತ ಎರಡು ಸಲ ಬೇರೆಯಾಗಿ ಎರೆದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದೇನೆ. ಆ ಕಣ್ಣೀರು ಪ್ರೀತಿಯದ್ದೋ, ಟ್ರಂಕಿನಲ್ಲಿದ್ದ ಕಾಗದದ್ದೋ ಅಂತ ಈಗ ಕೇಳಿಕೊಳ್ಳುತ್ತೇನೆ. ಎರಡನ್ನೂ ಬೇರೆ ಮಾಡಲು ನನ್ನಿಂದ ಆಗಿಲ್ಲ. ಅಪ್ಪನಿಂದಲೂ ಆಗಿರಲಿಕ್ಕಿಲ್ಲ.

1997ರ ನನ್ನ ಸುಖ ಸುಳ್ಳೇ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಜೋಕಾಲಿ ಸುಳ್ಳಲ್ಲ. ಅತ್ತಿ ತೂಗಿದ್ದೂ ಸುಳ್ಳಲ್ಲ, ಅವಳು ನಕ್ಕದ್ದೂ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ಕೊಟ್ಟವರು ಬೇರೆಯವರು, ಮತ್ತು ಬೆಲೆ ಎಷ್ಟು ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗನಿಗೆ ಗೊತ್ತಿರಬೇಕು ಅಂತಲೂ ಇಲ್ಲ. ಮೂವತ್ತೈದು ವರ್ಷದವನಿಗೆ ಆ ರಿಯಾಯಿತಿ ಸಿಗುವುದಿಲ್ಲ. “ಹಬ್ಬ ಮೊದಲಿನಂಗ ಇಲ್ಲ” ಅಂತ ಗೆಳೆಯರು ಗೊಣಗುವಾಗ, ಮೊದಲು ಯಾರಿಗೆ ಹೇಗಿತ್ತು ಅಂತ ಕೇಳಬೇಕು ಅನಿಸುತ್ತದೆ. ಕೇಳುವುದಿಲ್ಲ ಬಿಡಿ, ಪಾರ್ಟಿ ಹಾಳಾಗುತ್ತದೆ.

2023ರಲ್ಲಿ ಅಧಿಕ ಶ್ರಾವಣ ಬಂದು ಪಂಚಮಿ ಆಗಸ್ಟ್ 21ಕ್ಕೆ ಹೋಗಿತ್ತು. ಅಕ್ಕನನ್ನು ಕರೆಯಲು ಹುಕ್ಕೇರಿಗೆ ನಾನೇ ಹೋದೆ. ಬರುವಾಗ ಬಸ್ಸಿನಲ್ಲಿ ಕಾಕಾ ಹೇಳಿದ್ದನ್ನು ಹಾಗೇ ಹೇಳಿಬಿಟ್ಟೆ. ಹೇಳುವಾಗ ಕಿಟಕಿ ಕಡೆ ನೋಡುತ್ತಿದ್ದೆ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಘಟಪ್ರಭಾ ಸ್ಟೇಷನ್ ದಾಟಿದ ಮೇಲೆ, “ನನಗ ಹೊಲ ಬ್ಯಾಡ ಆಗಬಹುದು” ಅಂದಳು. “ಆದ್ರ ಬ್ಯಾಡ ಅನ್ನೂದು ನಾ ಹೇಳಬೇಕಲ್ಲೊ. ನನ್ನ ಪರವಾಗಿ ನೀವೆಲ್ಲಾ ಯಾಕ ಹೇಳಾಕತ್ತೀರಿ?”

“ಹಂಗಾರ ಸಹಿ ಬ್ಯಾಡ” ಅಂದೆ.

“ಪಾಲು ಇಟ್ಟುಕೊಂಡ್ರ ಪಂಚಮಿಗಿ ಕರಿಯಾಕ ಬರ್ತಿಯೇನು?”

“ಬರ್ತೇನಿ.”

“ನೋಡೂಣು” ಅಂದಳು. ನನಗೆ ಸ್ವಲ್ಪ ಸಿಟ್ಟು ಬಂತು, ನಿಜ ಹೇಳುತ್ತೇನೆ. ನಾನೇನೋ ದೊಡ್ಡ ಮನಸ್ಸು ಮಾಡಿದವನ ಹಾಗೆ ಕೂತಿದ್ದೆ, ಅವಳು ಥ್ಯಾಂಕ್ಸ್ ಹೇಳಲಿ ಅಂತ ಒಳಗೊಳಗೇ ಕಾಯುತ್ತಿದ್ದೆ. ಅವಳದನ್ನು ಅವಳಿಗೆ ಬಿಟ್ಟದ್ದಕ್ಕೆ ಥ್ಯಾಂಕ್ಸು ಯಾಕೆ ಬೇಕು ಅಂತ ಹೊಳೆಯಲು ಲೋಳಸೂರ ಬರಬೇಕಾಯಿತು.

ಉತಾರದಲ್ಲಿ ಈಗ ಮೂರು ಹೆಸರಿವೆ: ಅವ್ವ, ಅಕ್ಕ, ನಾನು. ಎಲ್ಲರೂ ಸುಖವಾಗಿದ್ದಾರೆ ಅಂತ ಹೇಳಲಾರೆ. ಕಾಕಾ ನಮ್ಮ ಮನೆಗೆ ಬರುವುದು ಕಡಿಮೆಯಾಗಿದೆ. ಅವರಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಈಗ ಅವರ ಮನೆಯಲ್ಲೂ ಮಾತು ಎದ್ದಿದೆ. ನನ್ನ ಹೆಂಡತಿ ತನ್ನ ತವರಿನಲ್ಲಿ ತಾನು ಸಹಿ ಹಾಕಿದ್ದು ಯಾವಾಗ ಅಂತ ಒಂದು ರಾತ್ರಿ ಸುಮ್ಮನೆ ನೆನಪಿಸಿಕೊಂಡಳು. ಅದೂ ಒಂದು ಪಂಚಮಿಯೇ. ಹೊಲ ಇನ್ನೂ ಒಟ್ಟಿಗೇ ಇದೆ. ಕಬ್ಬಿನ ದುಡ್ಡು ಬಂದಾಗ ಅಕ್ಕನ ಖಾತೆಗೆ ಅವಳ ಭಾಗ ಹಾಕುವಾಗ ಪ್ರತಿ ಸಲವೂ ನನ್ನ ಬೆರಳು ಮೊಬೈಲಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ನಿಂತು ಒತ್ತುತ್ತದೆ.

ಕಳೆದ ವರ್ಷ, ಅಂದರೆ ಮ್ಯಾನೇಜರ್ ನಕ್ಕ ವರ್ಷ, ಮತ್ತೆ ಹುಕ್ಕೇರಿಗೆ ಹೋದೆ. ಅಕ್ಕ ಕೈಚೀಲ ರೆಡಿ ಮಾಡಿಕೊಂಡೇ ಕೂತಿದ್ದಳು. “ಈ ಸಲ ಸೀರಿ ತಂದಿಲ್ಲ ಹೌದಿಲ್ಲೊ? ಪಾಲೂ ಬೇಕು ಸೀರೀನೂ ಬೇಕೇನು ಅಂತ ಕಾಕಾ ಅಂದಾನಂತ” ಅಂದಳು. ತಂದಿದ್ದೆ. ಬ್ಯಾಗಿನಿಂದ ತೆಗೆದು ಕೊಟ್ಟೆ. ಬಣ್ಣ ಸರಿ ಇಲ್ಲ ಅಂದಳು.

ಹಬ್ಬದ ದಿನ ಅತ್ತಿಯೂ ಬಂದಿದ್ದಳು. ಆಯಿ ಹೋದ ಮೇಲೆ ಹೆಸರುಗಳ ಪಟ್ಟಿ ಅವ್ವನ ಬಾಯಿಗೆ ಬಂದಿದೆ, ಆದರೆ ಅವಳಿಗೆ ಈಗ ಮರೆವು. ಹೀಗಾಗಿ ಬಟ್ಟಲು ನನ್ನ ಕೈಗೆ ಕೊಟ್ಟರು. ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅತ್ತಿಯ ಪಾಲು. ಅಕ್ಕನ ಪಾಲು ಅಂದಾಗ ಕೈ ಸ್ವಲ್ಪ ಹೆಚ್ಚೇ ಬಗ್ಗಿ ಹಾಲು ನಾಗಪ್ಪನ ಹೆಡೆಯಿಂದ ಇಳಿದು ನೆಲಕ್ಕೆ ಹರಿಯಿತು.

ಅಕ್ಕನ ಮಗಳು ಕೂಗಿದಳು: “ಮಾಮಾ, ನಮ್ಮವ್ವಗ ಅಷ್ಟ್ಯಾಕ ಹಾಕಿದಿ?”

“ಹಾಕಲಿ ಬಿಡ” ಅಂದಳು ಅಕ್ಕ. “ಹಾಲಿನಾಗ ನಿಮ್ಮ ಮಾಮಾ ಭಾಳ ಧಾರಾಳ.”

ಎಲ್ಲರೂ ನಕ್ಕರು. ಅತ್ತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.